ಎದೆಯ ಮೇಲೆ ನಕ್ಷತ್ರ ಹೊತ್ತ ತಂಡ: ವಿಯೆನ್ನಾದ ಹಕೋವಾ

ಪ್ರಶ್ನೆ: ವಿಯೆನ್ನಾದಲ್ಲಿ ಕೆಲಸದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ಸಂಜೆ ಪ್ರಾಟರ್ ಉದ್ಯಾನದ ಕಡೆ ಅಡ್ಡಾಡುವಾಗ 'ಹಕೋವಾ' ಎಂಬ ಹೆಸರಿನ ಕ್ರೀಡಾಕೇಂದ್ರ ಕಾಣಿಸಿತು. ಒಂದು ಕಾಲದಲ್ಲಿ ಆಸ್ಟ್ರಿಯಾ ಲೀಗ್ ಗೆದ್ದ ಯಹೂದಿಗಳ ಫುಟ್‌ಬಾಲ್ ಕ್ಲಬ್ ಇದು ಎಂದು ಅಳಿಯ ಹೇಳಿದ. ಆದರೆ ಈಗ ಅದಕ್ಕೆ ಫುಟ್‌ಬಾಲ್ ತಂಡವೇ ಇಲ್ಲವಂತೆ. ಚಾಂಪಿಯನ್ ಆಗಿದ್ದ ತಂಡ ಎಲ್ಲಿ ಹೋಯಿತು? ಇನ್ನೊಂದು ಮಾತು: ಚೆಂಡಾಟಕ್ಕೂ ಮತಧರ್ಮ ಬೇಕಿತ್ತೆ? ಒಂದೇ ಸಮುದಾಯದವರು ತಂಡ ಕಟ್ಟಿಕೊಳ್ಳುವುದು ಸರಿಯೆ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದಕ್ಕೆ ಉತ್ತರ ಸಿಗದೆ ಮೊದಲನೆಯದು ಅರ್ಥವಾಗುವುದಿಲ್ಲ.

ಹಕೋವಾ ಹುಟ್ಟಿದ್ದು 1909ರಲ್ಲಿ. ಅದಕ್ಕೂ ಇಪ್ಪತ್ತೆರಡು ವರ್ಷ ಮೊದಲೇ, 1887ರಲ್ಲಿ, ವಿಯೆನ್ನಾದ ಒಂದು ದೊಡ್ಡ ವ್ಯಾಯಾಮ ಸಂಘ ತನ್ನ ನಿಯಮಾವಳಿಗೆ ಒಂದು ಸಾಲು ಸೇರಿಸಿತ್ತು: ಆರ್ಯರಲ್ಲದವರಿಗೆ ಇಲ್ಲಿ ಸದಸ್ಯತ್ವವಿಲ್ಲ. ಮುಂದೆ ಇದೇ 'ಆರ್ಯ ನಿಯಮ' ಒಂದೊಂದಾಗಿ ಬೇರೆ ಸಂಘಗಳಿಗೂ ಹಬ್ಬಿತು. 1896ರಲ್ಲಿ ಜರ್ಮನ್ ವಿದ್ಯಾರ್ಥಿ ಸಂಘಗಳು ಸೇರಿ, ಯಹೂದಿಗೆ ಮಾನ ಎಂಬುದೇ ಇಲ್ಲ, ಹಾಗಾಗಿ ಮಾನ ಕಾಯಲು ಕತ್ತಿ ಹಿಡಿದು ಮಾಡುವ ದ್ವಂದ್ವಕ್ಕೆ ಅವನ ಜೊತೆ ನಿಲ್ಲಬೇಕಿಲ್ಲ ಎಂದು ತೀರ್ಮಾನಿಸಿದವು. ಯಹೂದಿದ್ವೇಷವನ್ನೇ ಮತ ಸೆಳೆಯುವ ದಾರಿ ಮಾಡಿಕೊಂಡ ಕಾರ್ಲ್ ಲ್ಯೂಗರ್ 1897ರಿಂದ 1910ರವರೆಗೆ ಆ ನಗರದ ಮೇಯರ್ ಆಗಿದ್ದ. ಸಂಜೆ ಕಚೇರಿ ಮುಗಿಸಿ ಈಜಬೇಕು, ಓಡಬೇಕು, ನಾಲ್ಕು ಜನರೊಂದಿಗೆ ಚೆಂಡು ಒದೆಯಬೇಕು ಎಂದುಕೊಂಡ ಯಹೂದಿ ಹುಡುಗನಿಗೆ ಬಾಗಿಲು ತೋರಿಸುತ್ತಿದ್ದ ಊರು ಅದು. ತಮ್ಮದೇ ಬೇರೆ ಬಾಗಿಲು ಮಾಡಿಕೊಂಡವರನ್ನು ನೂರು ವರ್ಷದ ನಂತರ 'ಯಾಕೆ ಬೇರೆಯಾದಿರಿ' ಎಂದು ಕೇಳುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಮೊದಲು ಬಾಗಿಲು ಹಾಕಿದವರನ್ನು ಕೇಳಬೇಕು.

ಇದರ ಜೊತೆಗೆ ಇನ್ನೊಂದು ಸೆಳೆತವೂ ಇತ್ತು. 1898ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜಿಯೋನಿಸ್ಟರ, ಅಂದರೆ ಯಹೂದಿಗಳಿಗೆ ತಮ್ಮದೇ ನಾಡು ಬೇಕು ಎನ್ನುವವರ, ಎರಡನೆಯ ಮಹಾಸಭೆ ಸೇರಿದಾಗ, ವೈದ್ಯನೂ ಲೇಖಕನೂ ಆಗಿದ್ದ ಮ್ಯಾಕ್ಸ್ ನೋರ್ಡಾವ್ 'ತೋಳ್ಬಲದ ಯಹೂದಿತನ' ಎಂಬ ಮಾತನ್ನು ಚಲಾವಣೆಗೆ ತಂದ. ಇಕ್ಕಟ್ಟಿನ ಓಣಿಗಳಲ್ಲಿ ಬೆನ್ನು ಬಾಗಿ ಬದುಕಿದ ಜನ ಮತ್ತೆ ಎದೆಯೆತ್ತಿ ನಿಲ್ಲಬೇಕು, ಮೈ ಗಟ್ಟಿಮಾಡಿಕೊಳ್ಳಬೇಕು ಎಂಬುದು ಅವನ ಆಶಯ. ಅದೇ ವರ್ಷ ಬರ್ಲಿನ್‌ನಲ್ಲಿ ಬಾರ್ ಕೋಖ್ಬಾ ಎಂಬ ಯಹೂದಿ ವ್ಯಾಯಾಮ ಸಂಘ ಹುಟ್ಟಿತು. 1906ರಲ್ಲಿ ಬುಡಾಪೆಸ್ಟ್‌ನಲ್ಲಿ, 1908ರಲ್ಲಿ ಲ್ವೂವ್‌ನಲ್ಲಿ (ಇಂದಿನ ಉಕ್ರೇನಿನ ಲ್ವಿವ್) ಕ್ಲಬ್‌ಗಳು ಬಂದವು. ಅವುಗಳ ಬೆನ್ನಿಗೇ ಬಂದದ್ದು ವಿಯೆನ್ನಾದ ಕ್ಲಬ್. 'ಹಕೋವಾ' ಅಂದರೆ ಹೀಬ್ರೂ ಭಾಷೆಯಲ್ಲಿ ಶಕ್ತಿ. ನಮ್ಮ 'ಕಸುವು' ಎಂಬ ಮಾತು ಇನ್ನೂ ಹತ್ತಿರ ಅನಿಸುತ್ತದೆ.

ಕಟ್ಟಿದವರು ಯಾರು ಗೊತ್ತೆ? ಪೈಲ್ವಾನರಲ್ಲ. ಒಬ್ಬ ಹಲ್ಲಿನ ಡಾಕ್ಟರು, ಇಗ್ನಾತ್ಸ್ ಕೋರ್ನರ್. ಇನ್ನೊಬ್ಬ ಫ್ರಿಟ್ಸ್ ಲೋನರ್-ಬೇಡಾ, ಸಂಗೀತ ನಾಟಕಗಳಿಗೆ ಹಾಡು ಬರೆಯುವ ಕವಿ. ಮುಂದೆ ಫ್ರಾಂಜ್ ಲೇಹಾರ್‌ನ ಆಪರೆಟಾಗಳಿಗೆ ಸಾಹಿತ್ಯ ಬರೆದು ಯುರೋಪಿಗೆಲ್ಲ ಪರಿಚಿತನಾದವನು. ಈ ಕವಿಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಬಣ್ಣ ನೀಲಿ ಮತ್ತು ಬಿಳಿ. ಎದೆಯ ಮೇಲೆ ಆರು ಮೂಲೆಯ ದಾವೀದನ ನಕ್ಷತ್ರ. ಸದಸ್ಯತ್ವ ಯಹೂದಿಗಳಿಗೆ ಮಾತ್ರ, ಆದರೆ ತರಬೇತುದಾರ ಯಾವ ಮತದವನಾದರೂ ಅಡ್ಡಿಯಿರಲಿಲ್ಲ. ಹಂಗೇರಿಯ ಒಳ್ಳೆಯ ಮುನ್ಪಡೆ ಆಟಗಾರ ಯೋಜೆಫ್ ಐಸೆನ್‌ಹೋಫರ್ ಹುಟ್ಟಿನಿಂದ ಕ್ರೈಸ್ತ. ಯಹೂದಿ ಮತಕ್ಕೆ ಸೇರಿ ಹಕೋವಾ ಪರವಾಗಿ ಆಡಿದ. ಇನ್ನು, ಇದು ಫುಟ್‌ಬಾಲ್ ಕ್ಲಬ್ ಎಂದು ಅಳಿಯಂದಿರು ಹೇಳಿದ್ದು ಅರ್ಧ ಮಾತ್ರ ಸರಿ. ಈಜು, ಕುಸ್ತಿ, ಕತ್ತಿವರಸೆ, ವಾಟರ್ ಪೋಲೋ, ಓಟ, ಹಾಕಿ, ಟೆನಿಸ್ ಎಲ್ಲಕ್ಕೂ ಅಲ್ಲಿ ವಿಭಾಗಗಳಿದ್ದವು. ಹೆಸರು ತಂದದ್ದು ಫುಟ್‌ಬಾಲ್, ಅಷ್ಟೆ.

ವಿಯೆನ್ನಾದ ಯಹೂದಿಗಳೆಲ್ಲ ಹಕೋವಾ ಹಿಂದೆ ನಿಂತರು ಎಂದೂ ತಿಳಿಯಬೇಡಿ. 1920ರ ದಶಕದ ಆರಂಭದಲ್ಲಿ ಆ ನಗರದಲ್ಲಿ ಸುಮಾರು 2 ಲಕ್ಷ ಯಹೂದಿಗಳಿದ್ದರು. ಊರಿನ ಹತ್ತು ಜನರಲ್ಲಿ ಒಬ್ಬರು. ತಲೆಮಾರುಗಳಿಂದ ಜರ್ಮನ್ ಮಾತಾಡಿಕೊಂಡು, ವಕೀಲಿಕೆ, ವ್ಯಾಪಾರ, ಪತ್ರಿಕೆ ಎಂದು ನೆಲೆಯೂರಿದ್ದ ಮೇಲ್ಮಧ್ಯಮ ವರ್ಗದವರಿಗೆ ಅಮಟೋರೆ ಎಂಬ ಕ್ಲಬ್ ಇಷ್ಟವಾಗಿತ್ತು. ಅದೇ ಇಂದಿನ ಆಸ್ಟ್ರಿಯಾ ವೀನ್. ಕಾಫಿಹೌಸುಗಳ ತಂಡ ಎಂದು ಹೆಸರಾದ ಅದರಲ್ಲಿ ಯಹೂದಿಗಳೂ ಕ್ರೈಸ್ತರೂ ಬೆರೆತಿದ್ದರು. 'ನಾವು ಮೊದಲು ವಿಯೆನ್ನಾದವರು, ನಕ್ಷತ್ರ ಹೊತ್ತು ಬೀದಿಗೆ ಯಾಕೆ ಬರಬೇಕು' ಎಂಬ ಅವರ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಹಕೋವಾಗೆ ಕೂಗು ಹಾಕುತ್ತಿದ್ದವರು ಹೆಚ್ಚಾಗಿ ಡ್ಯಾನ್ಯೂಬ್ ಕಾಲುವೆಯ ಆಚೆಗಿನ ಲಿಯೋಪೋಲ್ಡ್‌ಸ್ಟಾಟ್‌ನವರು. ಮೊದಲ ಮಹಾಯುದ್ಧದಲ್ಲಿ ಇಂದಿನ ಪೋಲೆಂಡ್ ಮತ್ತು ಉಕ್ರೇನುಗಳಲ್ಲಿ ಹಂಚಿಹೋಗಿರುವ ಗಲಿಷಿಯಾ ಪ್ರಾಂತದಿಂದ ಓಡಿ ಬಂದು, ಒಂದೊಂದು ಕೋಣೆಯಲ್ಲಿ ಏಳೆಂಟು ಜನ ಮಲಗುತ್ತಿದ್ದ ಬಡವರೂ ಅವರಲ್ಲಿದ್ದರು. ಪೂರ್ವ ಯುರೋಪಿನ ಯಹೂದಿಗಳ ಮನೆಮಾತಾದ ಯಿದ್ದಿಶ್ ಮಾತಾಡುವ, ಉಡುಪಿನಲ್ಲೇ ಗುರುತು ಸಿಗುವ ಈ ಜನರಿಗೆ ಮುಚ್ಚಿಟ್ಟುಕೊಳ್ಳುವ ಅವಕಾಶವೇ ಇರಲಿಲ್ಲ. ಹೇಗೂ ಬೈಯಿಸಿಕೊಳ್ಳುವವರು, ಗೆದ್ದು ಬೈಯಿಸಿಕೊಳ್ಳೋಣ ಎಂಬ ಛಲ ಅವರದು.

1920ರಲ್ಲಿ ತಂಡ ಮೊದಲ ದರ್ಜೆಗೆ ಏರಿತು. 1922ರಲ್ಲಿ ಲೀಗಿನಲ್ಲಿ ಎರಡನೆಯ ಸ್ಥಾನ. ಎರಡೇ ವರ್ಷದಲ್ಲಿ ಇಷ್ಟು ಬಲ ಎಲ್ಲಿಂದ ಬಂತು? ಪಕ್ಕದ ಹಂಗೇರಿಯಿಂದ. ಅಲ್ಲಿ 1919ರ ಕ್ರಾಂತಿ ಸೋತ ಮೇಲೆ ಯಹೂದಿಗಳ ಮೇಲೆ ದಾಳಿಗಳು ಶುರುವಾಗಿದ್ದವು. 1920ರಲ್ಲಿ ವಿಶ್ವವಿದ್ಯಾಲಯಗಳಲ್ಲಿ ಯಹೂದಿಗಳ ಸಂಖ್ಯೆಗೆ ಮಿತಿ ಹೇರುವ ಕಾನೂನು ಬಂತು. ಬುಡಾಪೆಸ್ಟ್‌ನ ಎಂಟಿಕೆ ಎಂಬ ಚಾಂಪಿಯನ್ ಕ್ಲಬ್‌ನಲ್ಲಿ ಆಡುತ್ತಿದ್ದ ಬೆಲಾ ಗುಟ್‌ಮನ್ ಗಂಟುಮೂಟೆ ಕಟ್ಟಿಕೊಂಡು ವಿಯೆನ್ನಾಕ್ಕೆ ಬಂದ. ಅವನಂತೆ ಇನ್ನೂ ಹಲವರು ಬಂದರು. ಒಂದು ದೇಶ ಬೇಡವೆಂದು ತಳ್ಳಿದ ಪ್ರತಿಭೆ ಇನ್ನೊಂದು ದೇಶದ ಮೈದಾನ ಸೇರಿತು.

ಇಲ್ಲೊಂದು ಎಳೆ ಇದೆ, ನನಗೆ ಬಹಳ ಪ್ರಿಯವಾದದ್ದು. ಎಂಟಿಕೆಗೆ ಚೆಂಡನ್ನು ನೆಲಕ್ಕೆ ಅಂಟಿಸಿಕೊಂಡು, ಚಿಕ್ಕ ಚಿಕ್ಕ ಪಾಸ್ ಕೊಡುತ್ತ ಆಡುವುದನ್ನು ಕಲಿಸಿದವನು ಜಿಮ್ಮಿ ಹೋಗನ್ ಎಂಬ ಇಂಗ್ಲಿಷ್ ತರಬೇತುದಾರ. 1914ರಲ್ಲಿ ಯುದ್ಧ ಶುರುವಾದಾಗ ಆಸ್ಟ್ರಿಯಾದಲ್ಲಿ ಶತ್ರುದೇಶದವನಾಗಿ ಸಿಕ್ಕಿಬಿದ್ದು, ಬುಡಾಪೆಸ್ಟ್‌ಗೆ ಬಂದು, ಯುದ್ಧದ ಕಾಲವನ್ನು ಅಲ್ಲಿನ ಹುಡುಗರಿಗೆ ಆಟ ಹೇಳಿಕೊಡುತ್ತ ಕಳೆದ. ಇಂಗ್ಲೆಂಡಿನಲ್ಲಿ ಆಗ ಚೆಂಡನ್ನು ದೂರಕ್ಕೆ ಒದ್ದು ಅದರ ಹಿಂದೆ ಓಡುವುದೇ ರೂಢಿ. ಅವನ ಪಾಠ ಹಂಗೇರಿಯಿಂದ ವಿಯೆನ್ನಾಕ್ಕೆ ಬಂತು. 1923ರಲ್ಲಿ ಹಕೋವಾದ ಕಾಲಿಗೆ ಕಟ್ಟಿಕೊಂಡು ಲಂಡನ್ನಿಗೇ ಹೋಯಿತು.

ಆ ವರ್ಷ ಏಪ್ರಿಲ್‌ನಲ್ಲಿ ಹೊಸದಾಗಿ ಕಟ್ಟಿದ ವೆಂಬ್ಲಿ ಮೈದಾನದ ಮೊಟ್ಟಮೊದಲ ಎಫ್‌ಎ ಕಪ್ ಫೈನಲ್ ಆಡಿದ್ದ ಲಂಡನ್ನಿನ ಕ್ಲಬ್ ವೆಸ್ಟ್ ಹ್ಯಾಮ್ ಯುನೈಟೆಡ್, ಬೇಸಿಗೆಯಲ್ಲಿ ಪ್ರವಾಸಕ್ಕೆ ಬಂದು ವಿಯೆನ್ನಾದಲ್ಲಿ ಹಕೋವಾ ಎದುರು 1-1ರ ಡ್ರಾ ಮಾಡಿಕೊಂಡಿತ್ತು. ಮರುಪಂದ್ಯಕ್ಕೆ ಹಕೋವಾ ಲಂಡನ್ನಿಗೆ ಹೋಯಿತು. 1923ರ ಸೆಪ್ಟೆಂಬರ್ 3ರಂದು ವೆಸ್ಟ್ ಹ್ಯಾಮ್‌ನ ಮೈದಾನವಾದ ಅಪ್ಟನ್ ಪಾರ್ಕ್‌ನಲ್ಲಿ ಪಂದ್ಯ. ಹಕೋವಾ 5, ವೆಸ್ಟ್ ಹ್ಯಾಮ್ 0. ಇಂಗ್ಲೆಂಡಿನ ನೆಲದಲ್ಲಿ ಇಂಗ್ಲಿಷ್ ವೃತ್ತಿಪರ ತಂಡವನ್ನು ಸೋಲಿಸಿದ ಯುರೋಪ್ ಖಂಡದ ಮೊದಲ ಕ್ಲಬ್ ಎಂಬ ಹೆಸರು ಅಂದಿನಿಂದ ಹಕೋವಾದ್ದು. ವೆಸ್ಟ್ ಹ್ಯಾಮ್ ಆ ದಿನ ತನ್ನ ಪೂರ್ತಿ ಬಲದ ತಂಡ ಇಳಿಸಿರಲಿಲ್ಲ, ಎರಡನೆಯ ಸಾಲಿನವರೂ ಆಡಿದ್ದರು. ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಆದರೂ ಐದು ಗೋಲು ಐದೇ ಗೋಲು. ಗೆದ್ದವರ ಎದೆಯ ಮೇಲೆ ಏನಿತ್ತು ಎಂಬುದನ್ನು ಯುರೋಪಿನ ಪ್ರತಿ ಯಹೂದಿ ಮನೆಯೂ ಗಮನಿಸಿತು.

1924ರಲ್ಲಿ ಆಸ್ಟ್ರಿಯಾ ತನ್ನ ಲೀಗನ್ನು ವೃತ್ತಿಪರ ಮಾಡಿತು. ಬ್ರಿಟನ್ನಿನ ಹೊರಗೆ ಯುರೋಪಿನಲ್ಲಿ ಅದೇ ಮೊದಲು. ಆ ಮೊದಲ ವೃತ್ತಿಪರ ಲೀಗನ್ನು, 1924-25ರದ್ದನ್ನು, ಗೆದ್ದವರು ಹಕೋವಾ. ಆ ಗೆಲುವು ಖಚಿತವಾದ ಪಂದ್ಯದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು.

ಎದುರಾಳಿ ವೀನರ್ ಸ್ಪೋರ್ಟ್‌ಕ್ಲಬ್. ಹಕೋವಾದ ಗೋಲ್‌ಕೀಪರ್ ಶಾಂಡೋರ್ ಫಾಬಿಯಾನ್, ಹಂಗೇರಿಯಿಂದ ಬಂದವನು. ದ್ವಿತೀಯಾರ್ಧದಲ್ಲಿ ನೂಕುನುಗ್ಗಲಿನಲ್ಲಿ ಬಿದ್ದು ಅವನ ತೋಳು ಮುರಿಯಿತು. ಈಗಿನ ಕಾಲವಾದರೆ ಬದಲಿ ಆಟಗಾರ ಬರುತ್ತಾನೆ. ಆಗ ಬದಲಿ ಎಂಬುದೇ ಇರಲಿಲ್ಲ. ಹನ್ನೊಂದು ಜನ ಇಳಿದರೆ ಮುಗಿಯಿತು, ಒಬ್ಬ ಹೊರಗೆ ಹೋದರೆ ಹತ್ತೇ ಜನ. ಫಾಬಿಯಾನ್ ಹೊರಗೆ ಹೋಗಲಿಲ್ಲ. ಮುರಿದ ತೋಳನ್ನು ಬಟ್ಟೆಯಲ್ಲಿ ಕೊರಳಿಗೆ ಕಟ್ಟಿಸಿಕೊಂಡು, ಗೋಲ್‌ಕೀಪರನ ಅಂಗಿಯನ್ನು ಜೊತೆಗಾರನಿಗೆ ಕೊಟ್ಟು, ತಾನು ಮುನ್ಪಡೆಗೆ ಹೋಗಿ ನಿಂತ. ಕೈ ಮುರಿದವನನ್ನು ಮುಂದೆ ನಿಲ್ಲಿಸುವುದು ಆಗಿನ ಪದ್ಧತಿ: ಅಲ್ಲಿ ಅವನಿಂದ ಉಪಕಾರವಾಗದಿದ್ದರೂ ಅಪಾಯವಿಲ್ಲ, ಎದುರಾಳಿಯ ಒಬ್ಬ ಕಾವಲಿಗನಾದರೂ ಅವನ ಮೇಲೆ ಕಣ್ಣಿಡಬೇಕಾಗುತ್ತದೆ. ಪಂದ್ಯ 2-2ರಲ್ಲಿ ನಿಂತಿತ್ತು. ಮುಗಿಯಲು ಕೆಲವೇ ನಿಮಿಷ ಇರುವಾಗ ಚೆಂಡು ಅವನ ಮುಂದೆ ಬಂತು. ಒಂದು ಕೈ ಕೊರಳಲ್ಲಿ ತೂಗುತ್ತಿದ್ದವನು ಓಡಿ ಹೋಗಿ ಅದನ್ನು ಗೋಲಿಗೆ ಹೊಡೆದ. 3-2. ಲೀಗ್ ಹಕೋವಾದ್ದಾಯಿತು.

ಒಂದು ಕೈಯನ್ನು ಮೈಗೆ ಕಟ್ಟಿಕೊಂಡು ಹತ್ತು ಹೆಜ್ಜೆ ಜೋರಾಗಿ ಓಡಿ ನೋಡಿ. ಮೈ ಎಷ್ಟು ಬೇಗ ವಾಲುತ್ತದೆ, ಒದೆಯಲು ಕಾಲೆತ್ತಿದರೆ ಇನ್ನೊಂದು ಕಾಲು ಹೇಗೆ ನಡುಗುತ್ತದೆ ಎಂದು ತಿಳಿಯುತ್ತದೆ. ಮುರಿದ ಮೂಳೆಯ ನೋವು ಬೇರೆ. ಗೋಲ್‌ಕೀಪರ್ ಹೊಡೆದ ಗೋಲುಗಳು ಫುಟ್‌ಬಾಲ್ ಚರಿತ್ರೆಯಲ್ಲಿ ಹಲವಿವೆ. ಇಂಥದ್ದು ಇನ್ನೊಂದನ್ನು ನಾನು ಓದಿಲ್ಲ.

ಗೆದ್ದರೆ ಬೈಗುಳ ನಿಲ್ಲುತ್ತದೆಯೆ? ನಿಲ್ಲಲಿಲ್ಲ. ಮೈದಾನದಲ್ಲಿ 'ಹಂದಿ ಯಹೂದಿ' ಎಂಬ ಕೂಗು ಮಾಮೂಲಾಗಿತ್ತು. ಪಂದ್ಯ ಮುಗಿದ ಮೇಲೆ ಕಲ್ಲು, ಬಡಿಗೆ. ಹಾಗಾಗಿ ಹಕೋವಾದ ಕುಸ್ತಿಪಟುಗಳು ಆಟಗಾರರಿಗೂ ಪ್ರೇಕ್ಷಕರಿಗೂ ಕಾವಲು ನಿಲ್ಲುತ್ತಿದ್ದರು. 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಹೆವಿವೇಟ್ ಕುಸ್ತಿಯ ಎರಡೂ ಶೈಲಿಗಳಲ್ಲಿ ಕಂಚು ಗೆದ್ದ ಮಿಕಿ ಹಿರ್ಶ್ಲ್ ಇದೇ ಗರಡಿಯವನು. ಅಂಥವರು ಬಾಗಿಲಲ್ಲಿ ನಿಂತಿದ್ದರೆ ಕಲ್ಲು ಹಿಡಿದ ಕೈ ಒಮ್ಮೆ ಯೋಚಿಸುತ್ತದೆ.

ಆ ಕಾಲದ ವಿಯೆನ್ನಾದವರು ಹೇಳುತ್ತಿದ್ದ ಒಂದು ಪ್ರಸಂಗವಿದೆ. ಹಕೋವಾ ಗೆದ್ದರೆ ಮಾತ್ರ ಬೇರೊಂದು ಬಡಾವಣೆಯ ತಂಡ ಕೆಳದರ್ಜೆಗೆ ಬೀಳದೆ ಉಳಿಯುವ ಪರಿಸ್ಥಿತಿ ಬಂತು. ಆ ಬಡಾವಣೆಯವರೆಲ್ಲ ಮೈದಾನಕ್ಕೆ ಬಂದು ಮೊದಲ ಬಾರಿಗೆ ಹಕೋವಾ ಪರವಾಗಿ ಕೂಗಬೇಕಾಯಿತು. ಚೆಂಡಿನೊಂದಿಗೆ ಓಡುತ್ತಿದ್ದ ಹಕೋವಾ ಆಟಗಾರನನ್ನು ಹುರಿದುಂಬಿಸಲು ಒಬ್ಬ ಎದ್ದು ನಿಂತ. ಹೆಸರು ಗೊತ್ತಿಲ್ಲ. ಇಷ್ಟು ವರ್ಷ ಕೂಗಿ ರೂಢಿಯಾಗಿದ್ದ ಬೈಗುಳ ಈಗ ಬಾಯಿಗೆ ತರುವಂತಿಲ್ಲ. ತಡಕಾಡಿ ಕೊನೆಗೆ ಕೂಗಿದ: "ನುಗ್ಗಿ, ಯಹೂದಿಗಳೇ, ನುಗ್ಗಿ ಸ್ವಾಮೀ!" ಕೇಳಿದವರೆಲ್ಲ ನಗುತ್ತಿದ್ದರಂತೆ. ನನಗೆ ಮಾತ್ರ ಆ ತಡಕಾಟವೇ ಮನಸ್ಸಿನಲ್ಲಿ ಉಳಿಯುತ್ತದೆ. ನೆರೆಯವನನ್ನು ಮರ್ಯಾದೆಯಿಂದ ಕರೆಯಲು ಆ ಮನುಷ್ಯನ ಬಳಿ ಒಂದು ಮಾತೂ ಇರಲಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆ. ತಂಡ ಎಲ್ಲಿ ಹೋಯಿತು? ಅದು ಎರಡು ಸಲ ಹೋಯಿತು. ಮೊದಲನೆಯದು ಹಿಟ್ಲರನ ಕೈಯಿಂದಲ್ಲ, ಅಮೆರಿಕದ ಕೈಯಿಂದ.

ಹಕೋವಾ ಬಹಳ ತಿರುಗುತ್ತಿದ್ದ ತಂಡ. ಪ್ರವಾಸದಿಂದ ದುಡ್ಡು ಬರುತ್ತಿತ್ತು, ಹೋದಲ್ಲೆಲ್ಲ ಯಹೂದಿಗಳು ಮುತ್ತಿಕೊಳ್ಳುತ್ತಿದ್ದರು. 1924ರಲ್ಲಿ ಈಜಿಪ್ಟಿಗೂ ಪ್ಯಾಲೆಸ್ಟೈನಿಗೂ ಹೋಗಿಬಂದರು. 1926ರ ವಸಂತದಲ್ಲಿ ಅಮೆರಿಕಕ್ಕೆ ಹಡಗು ಹತ್ತಿದರು. ಮೇ 1ರಂದು ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್ ಮೈದಾನದಲ್ಲಿ ಸ್ಥಳೀಯ ಆಯ್ದ ತಂಡದ ಎದುರು ಪಂದ್ಯ. ಬಂದ ಜನ 46,000. ಅಮೆರಿಕದಲ್ಲಿ ಒಂದು ಫುಟ್‌ಬಾಲ್ ಪಂದ್ಯಕ್ಕೆ ಅದಕ್ಕಿಂತ ಹೆಚ್ಚು ಜನ ಸೇರಲು ಐವತ್ತು ವರ್ಷ ಬೇಕಾಯಿತು. 1970ರ ದಶಕದಲ್ಲಿ, ಪೆಲೆ ಆಡುತ್ತಿದ್ದ ನ್ಯೂಯಾರ್ಕ್ ಕಾಸ್ಮಾಸ್ ತಂಡದ ಕಾಲದಲ್ಲಿ, ಆ ದಾಖಲೆ ಮುರಿಯಿತು. ಹಕೋವಾ ಆ ದಿನ 3-0ಯಿಂದ ಸೋತಿತು, ಆದರೆ ಯಾರಿಗೂ ಬೇಸರವಾದಂತೆ ಕಾಣುವುದಿಲ್ಲ. ಹೊಲಿಗೆ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪೂರ್ವ ಯುರೋಪಿನ ವಲಸಿಗರು ನೋಡಲು ಬಂದದ್ದು ತಮ್ಮವರು ಹೀಗೂ ಇರಬಲ್ಲರು ಎಂಬುದನ್ನು.

ಆಟಗಾರರು ನೋಡಿದ್ದು ಇನ್ನೊಂದನ್ನು. ಅಮೆರಿಕದ ಲೀಗಿನ ಕ್ಲಬ್‌ಗಳು ವಿಯೆನ್ನಾಕ್ಕಿಂತ ಎಷ್ಟೋ ಹೆಚ್ಚು ಸಂಬಳ ಕೊಡಲು ಸಿದ್ಧವಿದ್ದವು. ಹೊಗಳಿದವರಿದ್ದರು, ಬೈಯುವವರು ಕಡಿಮೆ. ಒಬ್ಬೊಬ್ಬರಾಗಿ ಅಲ್ಲೇ ನಿಂತರು. ಗುಟ್‌ಮನ್ ನ್ಯೂಯಾರ್ಕ್ ಜೈಂಟ್ಸ್ ಸೇರಿದ. ಐಸೆನ್‌ಹೋಫರ್ ಹೋದ, ಮೊರಿಟ್ಸ್ ಹೊಯ್ಸ್ಲರ್ ಹೋದ, ಮ್ಯಾಕ್ಸ್ ಗ್ರ್ಯೂನ್‌ವಾಲ್ಡ್ ಹೋದ. 1928ರಲ್ಲಿ ಇವರಲ್ಲಿ ಅನೇಕರು ಸೇರಿ 'ನ್ಯೂಯಾರ್ಕ್ ಹಕೋವಾ' ಎಂಬ ತಂಡವನ್ನೇ ಕಟ್ಟಿ, 1929ರಲ್ಲಿ ಅಮೆರಿಕದ ರಾಷ್ಟ್ರೀಯ ಕಪ್ ಗೆದ್ದರು. ವಿಯೆನ್ನಾದ ಮೂಲ ತಂಡ ಬರಿದಾಯಿತು. ಅದು ಮತ್ತೆಂದೂ ಲೀಗ್ ಗೆಲ್ಲಲಿಲ್ಲ. ಮೊದಲ ದರ್ಜೆಗೂ ಎರಡನೆಯ ದರ್ಜೆಗೂ ನಡುವೆ ಏರುತ್ತ ಇಳಿಯುತ್ತ ಉಳಿದ ವರ್ಷಗಳನ್ನು ಕಳೆಯಿತು.

ಫುಟ್‌ಬಾಲ್ ಇತಿಹಾಸಗಳಲ್ಲಿ ಈ ಅಮೆರಿಕ ಪ್ರವಾಸವನ್ನು ದೊಡ್ಡ ತಪ್ಪು ಎಂಬಂತೆ ಬರೆದಿರುವುದನ್ನು ನೋಡುತ್ತೇವೆ: ದುಡ್ಡಿಗೆ ಹೋದರು, ತಂಡ ಮುಳುಗಿತು ಎಂದು. ನಾನೂ ಬಹಳ ಕಾಲ ಹಾಗೇ ತಿಳಿದಿದ್ದೆ. ಈಗ ಹಾಗೆ ಹೇಳಲು ಬಾಯಿ ಬರುವುದಿಲ್ಲ. 1926ರಲ್ಲಿ ನ್ಯೂಯಾರ್ಕ್‌ನಲ್ಲಿ ಉಳಿದು ಅಲ್ಲೇ ಬೇರು ಬಿಟ್ಟವನು 1938ರಲ್ಲಿ ವಿಯೆನ್ನಾದಲ್ಲಿರಲಿಲ್ಲ. ತಂಡ ಒಡೆದದ್ದರಿಂದ ಉಳಿದ ಜೀವಗಳಿವೆ.

1938ಕ್ಕೆ ಬರುವ ಮುನ್ನ ಈಜುಕೊಳದ ಹುಡುಗಿಯರ ವಿಷಯ ಹೇಳಲೇಬೇಕು. ಇದು ಫುಟ್‌ಬಾಲ್ ಅಲ್ಲ, ಆದರೆ ಹಕೋವಾ ಅಂದರೆ ಏನೆಂದು ಇದರಷ್ಟು ಚೆನ್ನಾಗಿ ತೋರಿಸುವುದು ಇನ್ನೊಂದಿಲ್ಲ. ಜೂಡಿತ್ ಡಾಯ್ಚ್ 1935ರಲ್ಲಿ ಆಸ್ಟ್ರಿಯಾದ ಅತ್ಯುತ್ತಮ ಕ್ರೀಡಾಪಟುಗಳಲ್ಲಿ ಒಬ್ಬಳೆಂದು ಸರ್ಕಾರದ ಗೌರವ ಪಡೆದವಳು. 1936ರ ಬರ್ಲಿನ್ ಒಲಿಂಪಿಕ್ಸ್‌ಗೆ ಅವಳೂ, ಲೂಸಿ ಗೋಲ್ಡ್‌ನರ್, ರೂತ್ ಲಾಂಗರ್ ಎಂಬ ಇನ್ನಿಬ್ಬರೂ ಆಯ್ಕೆಯಾದರು. ಜೂಡಿತ್‌ಗೆ ಆಗ 17 ವರ್ಷ, ರೂತ್‌ಗೆ 15. ಬರ್ಲಿನ್‌ನಲ್ಲಿ ಯಹೂದಿಗಳಿಗೆ ಈಜುಕೊಳಗಳ ಬಾಗಿಲು ಮುಚ್ಚಿದ್ದ ಕಾಲ ಅದು. ನಾವು ಹೋಗುವುದಿಲ್ಲ ಎಂದರು. ಆಸ್ಟ್ರಿಯಾದ ಈಜು ಸಂಸ್ಥೆ ಮೂವರನ್ನೂ ಸ್ಪರ್ಧೆಗಳಿಂದ ಹೊರಗಿಟ್ಟಿತು. ಜೂಡಿತ್ ಹೆಸರಿನ ದಾಖಲೆಗಳನ್ನು ಪುಸ್ತಕದಿಂದಲೇ ತೆಗೆದುಹಾಕಿತು. ಅವನ್ನು ಮರಳಿಸಿ ಕ್ಷಮೆ ಕೇಳಿದ್ದು 1995ರಲ್ಲಿ. ಹದಿನೈದರ ಹುಡುಗಿಗೆ ಒಲಿಂಪಿಕ್ಸ್ ಅಂದರೆ ಏನು ಎಂದು ಯೋಚಿಸಿ. ಮುಂದಿನ ಎರಡು ಒಲಿಂಪಿಕ್ಸ್ ಯುದ್ಧದಿಂದಾಗಿ ನಡೆಯಲೇ ಇಲ್ಲ. ಅವಳ ಪಾಲಿಗೆ ಇದ್ದದ್ದು ಅದೊಂದೇ.

1938ರ ಮಾರ್ಚ್ 12ರಂದು ಜರ್ಮನ್ ಸೇನೆ ಆಸ್ಟ್ರಿಯಾದೊಳಗೆ ಬಂತು. ಹಕೋವಾವನ್ನು ವಿಸರ್ಜಿಸಿದರು. ಪ್ರಾಟರ್ ಬಳಿಯ ಕ್ರೀಯಾವ್‌ನಲ್ಲಿ ಕ್ಲಬ್ಬು ತಾನೇ ಕಟ್ಟಿಕೊಂಡಿದ್ದ ಮೈದಾನವನ್ನು ನಾಜಿ ಪಕ್ಷದ ಎಸ್‌ಎ ಪಡೆಗೆ ಒಪ್ಪಿಸಿದರು. ಆ ಋತುವಿನಲ್ಲಿ ಹಕೋವಾ ಆಡಿದ್ದ ಪಂದ್ಯಗಳ ಫಲಿತಾಂಶಗಳನ್ನು ರದ್ದುಮಾಡಿ, ಅಂಕಪಟ್ಟಿಯಿಂದ ಹೆಸರು ತೆಗೆದರು. ಆ ತಂಡದ ಎದುರು ಹೊಡೆದ ಗೋಲುಗಳೂ ಲೆಕ್ಕಕ್ಕಿಲ್ಲ, ಆ ತಂಡ ಹೊಡೆದವೂ ಲೆಕ್ಕಕ್ಕಿಲ್ಲ. ಇದೇ ಎರಡನೆಯ ಸಲ ಹೋದದ್ದು.

ಆ ಕವಿ ಫ್ರಿಟ್ಸ್ ಲೋನರ್-ಬೇಡಾನನ್ನು ಏಪ್ರಿಲ್ 1ರ ಮೊದಲ ರೈಲಿನಲ್ಲೇ ನಾಜಿಗಳ ಡಾಖಾವ್ ಸೆರೆಶಿಬಿರಕ್ಕೆ ಸಾಗಿಸಿದರು. ಅಲ್ಲಿಂದ ಬೂಖನ್‌ವಾಲ್ಡ್. ಅವನ ಸಾಲುಗಳನ್ನು ಜರ್ಮನಿಯ ರಂಗಮಂದಿರಗಳಲ್ಲಿ ಹಾಡುವುದು ನಿಂತಿರಲಿಲ್ಲ, ಹೆಸರು ಮಾತ್ರ ಹೇಳುತ್ತಿರಲಿಲ್ಲ. ಬೂಖನ್‌ವಾಲ್ಡ್‌ನಲ್ಲಿ ಕೈದಿಗಳು ಹಾಡುತ್ತ ನಡೆಯಬೇಕಿದ್ದ ಶಿಬಿರದ ಹಾಡಿಗೆ ಪದ ಬರೆದವನೂ ಅವನೇ. 1942ರ ಡಿಸೆಂಬರ್ 4ರಂದು ಆಶ್ವಿಟ್ಸ್‌ನ ಮೊನೊವಿಟ್ಸ್ ಶಿಬಿರದಲ್ಲಿ, ಕೆಲಸ ಸಾಲದೆಂದು ಹೊಡೆಸಿಕೊಂಡು ಸತ್ತ. ತೋಳಲ್ಲಿ ಕಸುವಿರಬೇಕು ಎಂದು ಕ್ಲಬ್ ಕಟ್ಟಿದವನಿಗೆ ಆಗ 59 ವರ್ಷ.

ತಂಡದ ನಾಯಕನಾಗಿದ್ದ ಮ್ಯಾಕ್ಸ್ ಶೋಯರ್ ಫ್ರಾನ್ಸಿಗೆ ತಪ್ಪಿಸಿಕೊಂಡು ಹೋಗಿದ್ದ. ಅಲ್ಲಿಯೂ ಹಿಡಿದರು, ಆಶ್ವಿಟ್ಸ್‌ನಲ್ಲಿ ಕೊಂದರು. ಆಸ್ಟ್ರಿಯಾದ ಯಹೂದಿಗಳಲ್ಲಿ ಸುಮಾರು 65,000 ಜನ ಹೀಗೆ ಸತ್ತರು. ಹಕೋವಾದ ಆಟಗಾರರು, ಅಧಿಕಾರಿಗಳು, ಭಾನುವಾರ ಮೈದಾನದ ಬೇಲಿ ಹಿಡಿದು ನಿಲ್ಲುತ್ತಿದ್ದವರು ಆ ಲೆಕ್ಕದೊಳಗೆ ಸೇರಿದ್ದಾರೆ.

ಗುಟ್‌ಮನ್ ಮಾತ್ರ ಅಮೆರಿಕದಲ್ಲಿ ಉಳಿಯದೆ ಮರಳಿ ಬಂದಿದ್ದ. ಆರ್ಥಿಕ ಕುಸಿತ ಅವನ ಉಳಿತಾಯವನ್ನು ನುಂಗಿತ್ತು. ವಿಯೆನ್ನಾಕ್ಕೆ ಬಂದು ಹಳೆಯ ಕ್ಲಬ್ಬಿಗೇ ತರಬೇತುದಾರನಾದ. ಆಮೇಲೆ ಹಂಗೇರಿಯಲ್ಲಿದ್ದಾಗ, 1944ರಲ್ಲಿ ಅಡಗಿಕೊಂಡು, ಸಿಕ್ಕಿಬಿದ್ದು, ಬಲವಂತದ ದುಡಿಮೆಯ ಶಿಬಿರದಿಂದ ತಪ್ಪಿಸಿಕೊಂಡು ಹೇಗೋ ಜೀವ ಉಳಿಸಿಕೊಂಡ. ತಂದೆಯೂ ಅಕ್ಕನೂ ಉಳಿಯಲಿಲ್ಲ. ಹದಿನೇಳು ವರ್ಷದ ನಂತರ, 1961ರಲ್ಲಿ, ಅವನ ತರಬೇತಿಯ ಪೋರ್ಚುಗಲ್‌ನ ಬೆನ್ಫಿಕಾ ಬಾರ್ಸಿಲೋನಾವನ್ನು 3-2ರಿಂದ ಸೋಲಿಸಿ ಯುರೋಪಿಯನ್ ಕಪ್ ಎತ್ತಿತು. ಮರುವರ್ಷ ರಿಯಲ್ ಮ್ಯಾಡ್ರಿಡ್ ಎದುರು 5-3, ಮತ್ತೆ ಕಪ್. ಗುಟ್‌ಮನ್ ಹೆಸರನ್ನು ನೀವು ಬೆನ್ಫಿಕಾ ಜೊತೆಗೆ ಕೇಳಿರಬಹುದು. ಅವನ ಬಗ್ಗೆ ಯಾರಾದರೂ ಮಾತಾಡಿದಾಗ, ಆ ಮನುಷ್ಯ ಗೆಲ್ಲುವುದನ್ನು ಎಲ್ಲಿ ಕಲಿತ ಎಂದು ನಿಮಗೆ ಗೊತ್ತಿರಲಿ.

ಚದುರಿದವರು ಹೆಸರನ್ನು ಜೊತೆಗೆ ಒಯ್ದರು. ಟೆಲ್ ಅವೀವ್‌ನಲ್ಲಿ ವಿಯೆನ್ನಾದಿಂದ ಬಂದವರು ಹಕೋವಾ ಕಟ್ಟಿದರು. ಮುಂದೆ ರಮತ್ ಗಾನ್ ಊರಿನ ಕ್ಲಬ್ಬಿನೊಂದಿಗೆ ಬೆರೆತು ಅದು ಇಸ್ರೇಲಿನ ಲೀಗನ್ನು ಎರಡು ಸಲ ಗೆದ್ದಿತು. ಸಿಡ್ನಿಯಲ್ಲಿ 1939ರಲ್ಲಿ ಹುಟ್ಟಿದ ಹಕೋವಾ 1977ರಲ್ಲಿ ಆಸ್ಟ್ರೇಲಿಯಾದ ಮೊದಲ ರಾಷ್ಟ್ರೀಯ ಲೀಗಿನ ಚಾಂಪಿಯನ್. ಈಜು ವಿಭಾಗದ ಮುಖ್ಯಸ್ಥನಾಗಿದ್ದ ವಕೀಲ ವ್ಯಾಲೆಂಟಿನ್ ರೋಸೆನ್‌ಫೆಲ್ಡ್ ಲಂಡನ್ ಸೇರಿ, ತನ್ನ ಈಜುಗಾರರನ್ನು ಆಸ್ಟ್ರಿಯಾದಿಂದ ಹೊರತರಲು ಓಡಾಡಿದ. ಎಲ್ಲರೂ ಒಂದೊಂದು ದೇಶಕ್ಕೆ ಹೋದ ಮೇಲೆ ಅವರಿಗೆಲ್ಲ ಸುತ್ತೋಲೆ ಬರೆಯುತ್ತಿದ್ದ: ಯಾರು ಎಲ್ಲಿದ್ದಾರೆ, ಯಾರಿಗೆ ಮದುವೆಯಾಯಿತು, ಯಾರಿಗೆ ಮಗುವಾಯಿತು. ಕೊಳ ಇಲ್ಲದ, ಸ್ಪರ್ಧೆ ಇಲ್ಲದ ಕ್ಲಬ್ ಹೀಗೆ ಅಂಚೆಯಲ್ಲಿ ನಡೆಯಿತು.

ವಿಯೆನ್ನಾದಲ್ಲಿ 1945ರಲ್ಲೇ ಹಕೋವಾವನ್ನು ಮತ್ತೆ ಶುರುಮಾಡಿದರು. ಫುಟ್‌ಬಾಲ್ ತಂಡವೂ ಕೆಲ ವರ್ಷ ಆಡಿತು. ಆದರೆ ಎರಡು ಲಕ್ಷ ಜನರ ಸಮುದಾಯ ಕೆಲವು ಸಾವಿರಕ್ಕೆ ಇಳಿದಿತ್ತು. ಹನ್ನೊಂದು ಜನ ತರುಣರನ್ನು ಕೂಡಿಸುವುದು, ಗಾಯವಾದರೆ ಹನ್ನೆರಡನೆಯವನನ್ನು ಹುಡುಕುವುದು, ಹುರಿದುಂಬಿಸಲು ಜನ ತರುವುದು ಆಗದ ಕೆಲಸ. 1950ರ ಹೊತ್ತಿಗೆ ಫುಟ್‌ಬಾಲ್ ವಿಭಾಗ ಮುಚ್ಚಿತು. ನೀವು ಕೇಳಿದ್ದಕ್ಕೆ ನೇರ ಉತ್ತರ ಇದು: ಆಡುವ ಜನರೇ ಉಳಿದಿರಲಿಲ್ಲ. ಇಬ್ಬರಿಂದ ಕುಸ್ತಿಯಾಗುತ್ತದೆ, ಒಬ್ಬರಿಂದ ಈಜಾಗುತ್ತದೆ. ಫುಟ್‌ಬಾಲಿಗೆ ಒಂದು ಊರೇ ಬೇಕು. ಇಂದು ಆ ಸಮುದಾಯಕ್ಕೆ ಮಕಾಬಿ ವೀನ್ ಎಂಬ ಬೇರೆಯದೇ ಫುಟ್‌ಬಾಲ್ ಕ್ಲಬ್ ಇದೆ, 1995ರಲ್ಲಿ ಹುಟ್ಟಿದ್ದು, ಕೆಳಗಿನ ಲೀಗುಗಳಲ್ಲಿ ಆಡುತ್ತದೆ.

ಕಸಿದುಕೊಂಡ ಮೈದಾನ ಮರಳಲು ಹಿಡಿದ ಕಾಲವನ್ನು ಹೇಳಿ ಮುಗಿಸುತ್ತೇನೆ. ನಾಜಿಗಳು ಕಿತ್ತುಕೊಂಡದ್ದು ಒಂದೇ ದಿನದ ಕೆಲಸ. ಯುದ್ಧ ಮುಗಿದು ಅರ್ಧ ಶತಮಾನ ಕಳೆದರೂ ಆಸ್ಟ್ರಿಯಾ ಅದನ್ನು ಕೊಟ್ಟಿರಲಿಲ್ಲ. 2001ರಲ್ಲಿ ಅಮೆರಿಕದ ಮಧ್ಯಸ್ಥಿಕೆಯಲ್ಲಿ ನಾಜಿ ಕಾಲದ ಆಸ್ತಿಗಳ ಬಗ್ಗೆ ಒಪ್ಪಂದವಾದಾಗ ಹಕೋವಾದ ಹೆಸರೂ ಅದರಲ್ಲಿ ಸೇರಿತು. ಹಳೆಯ ಮೈದಾನದ ಪ್ರದೇಶದಲ್ಲೇ ಜಾಗ ಸಿಕ್ಕಿತು. 2008ರ ಮಾರ್ಚ್‌ನಲ್ಲಿ, ಬೀಗ ಹಾಕಿದ ಸರಿಯಾಗಿ 70 ವರ್ಷಕ್ಕೆ, ಅಲ್ಲಿ ಕ್ರೀಡಾಕೇಂದ್ರ ತೆರೆಯಿತು. ಮಗಳ ಊರಿನಲ್ಲಿ ನೀವು ಸಂಜೆ ನೋಡಿದ್ದು ಅದನ್ನೇ. ಇನ್ನೊಮ್ಮೆ ಹೋದಾಗ ಅಳಿಯಂದಿರ ಜೊತೆ ಒಳಗೂ ಹೋಗಿ ಬನ್ನಿ. ಬಾಗಿಲು ಈಗ ಯಹೂದಿಗಳಲ್ಲದವರಿಗೂ ತೆರೆದಿದೆ.